ಅಡರಕಟ್ಟಿಯ ಎತ್ತು, ಇಂಗ್ಲೆಂಡಿನ ಕಪ್

ಲಕ್ಷ್ಮೇಶ್ವರದ ಒಂದು ಓಣಿಯಲ್ಲಿ ಆಡೊಂದು ತಿಳಿನೀಲಿ ಜೆರ್ಸಿ ತೊಟ್ಟು ಓಡಾಡುತ್ತಿದೆ. ಬೆನ್ನ ಮೇಲೆ ಒಂಬತ್ತನೇ ನಂಬರ್.

ನಂಬುವುದಿಲ್ಲವೇ? ಹೋಗಿ ನೋಡಿ. ಅದು ಟೇಲರ್ ರಾಜೇಸಾಬನ ಆಡು. ಅವನ ಮನೆಯ ಪರದೆ, ತಲೆದಿಂಬು, ಹೊಲಿಗೆ ಮಷಿನ್ನಿನ ಮುಸುಕು, ಹೆಂಡತಿ ಮಾಬುಬಿಯ ಸಂತೆಚೀಲ, ಎಲ್ಲವೂ ಅದೇ ತಿಳಿನೀಲಿ. ಇದಕ್ಕೆಲ್ಲ ಕಾರಣ ಇಂಗ್ಲಿಷ್ ಫುಟ್‌ಬಾಲ್.

ನಮ್ಮ ಹುಡುಗರು ಮೈದಾನದಲ್ಲಿ ಆಡುವುದು ಕ್ರಿಕೆಟ್, ಮೊಬೈಲಿನಲ್ಲಿ ನೋಡುವುದು ಇಂಗ್ಲೆಂಡಿನ ಫುಟ್‌ಬಾಲ್. ಕ್ಲಬ್ಬುಗಳನ್ನು ಕರೆಯುವುದು ಅಂಗಿಯ ಬಣ್ಣದಿಂದ. ಕೆಂಪಂಗಿ, ನೀಲಿ ಅಂಗಿ, ಹೀಗೆ. (ನಾನೂ ಹಾಗೇ ಕರೆಯುತ್ತೇನೆ. ಹೆಸರು ಬರೆದರೆ ಅಭಿಮಾನಿಗಳು ಫೋನ್ ಮಾಡಿ ಬೈಯುತ್ತಾರೆ.) ಗೆಲ್ಲುವವರ ಜೆರ್ಸಿಯೇ ಬೇಕು ಎನ್ನುತ್ತಾರೆ. ಹಾಗಾಗಿ ಸೀಸನ್ ಶುರುವಾಗುವ ಮೊದಲೇ ರಾಜೇಸಾಬ ಹುಬ್ಬಳ್ಳಿಯಿಂದ ಬಟ್ಟೆ ತಂದಿಡಬೇಕು. ಹೋದ ಸಲ ಮೊಬೈಲ್ ಪಂಡಿತರೆಲ್ಲ ತಿಳಿನೀಲಿ ಎಂದರು. ತಂದ. ತಿಳಿನೀಲಿಯವರು ಸೋತರು. ಹುಡುಗರು ಆ ಬಟ್ಟೆಯ ಕಡೆ ಹೊರಳಿಯೂ ನೋಡಲಿಲ್ಲ. ಆಡು ಮಾತ್ರ ತಕರಾರು ಮಾಡಲಿಲ್ಲ.

ಮೊನ್ನೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋದೆ. ರಾಜೇಸಾಬ ಪ್ಯಾಂಟನ್ನು ಬದಿಗಿಟ್ಟ.

“ಸರ, ನೀವು ಪೇಪರ್‌ನ್ಯಾಗ ಬರಿಯಾವ್ರು. ಮುಂದಿನ ಸೀಜನ್ ಯಾರು ಗೆಲ್ತಾರ, ಜಲ್ದಿ ಹೇಳ್ರಿ.”

ಒಳಗಿನಿಂದ ಮಾಬುಬಿಯ ದನಿ ಬಂತು. “ಇನ್ನೊಂದು ಥಾನ್ ಬಟ್ಟಿ ಮನ್ಯಾಗ ಉಳೀತಂದ್ರ ಆಡು ಹೊಡಕೊಂಡು ಮುಂಡರಗಿಗೆ ತವರುಮನಿಗೆ ಹೊಂಟೆ ನೋಡ್ರಿ. ಖರೆ ಹೇಳಾಕತ್ತೀನಿ!”

ರಾಜೇಸಾಬನ ಮುಖ ಸಣ್ಣದಾಯಿತು. ಮಾಬುಬಿ ಹೇಳಿದ್ದನ್ನು ಮಾಡುವ ಹೆಂಗಸು. ಅವಳು ಹೋದರೆ ಗುಂಡಿ ಹಚ್ಚುವವರು ಯಾರು? ಎರಡು ಹೊತ್ತೂ ಬೈದು ರೊಟ್ಟಿ ಹಾಕುವವರು ಯಾರು? ಪಾಪ ಅನ್ನಿಸಿತು.

ಫುಟ್‌ಬಾಲ್ ನನಗೇನೂ ಗೊತ್ತಿಲ್ಲ. ಆದರೆ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವವನು ಅಂಕಣಕಾರನಾಗಿ ಉಳಿಯುವುದುಂಟೇ? “ನಾಳಿಗೆ ಕಾರಹುಣ್ಣಿವಿ ಐತಿ. ಬಾಜೂ ಹಳ್ಳಿ ಅಡರಕಟ್ಟಿಗೆ ಹೋಗೂಣು ನಡಿ” ಎಂದೆ.

ಕಾರಹುಣ್ಣಿಮೆಯ ದಿನ ಊರ ಅಗಸಿ ಬಾಗಿಲಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿ ಎತ್ತು ಓಡಿಸುವುದು ನಿಮಗೆ ಗೊತ್ತಲ್ಲ. ಮೊದಲು ಹಗ್ಗ ಹರಿದ ಎತ್ತಿನ ಬಣ್ಣವೇ ವರ್ಷದ ಭವಿಷ್ಯ. ಬಿಳಿ ಎತ್ತು ಹರಿದರೆ ಬಿಳಿಜೋಳ, ಹತ್ತಿ ಹುಲುಸು. ಕೆಂದೆತ್ತು ಹರಿದರೆ ಕೆಂಪು ಕಾಳು ಹುಲುಸು. ಜೋಳಕ್ಕೆ ಆಗುವ ಭವಿಷ್ಯ ಫುಟ್‌ಬಾಲಿಗೆ ಏಕಾಗಬಾರದು? (ಟಿವಿಯ ಪಂಡಿತರು ಎತ್ತು ಸಹ ಓಡಿಸುವುದಿಲ್ಲ.)

ಧೂಳೆಬ್ಬಿಸುತ್ತ ಬಂದು ಹಗ್ಗ ಹರಿದದ್ದು ಫಕೀರಪ್ಪ ಎಂಬ ರೈತನ ಎತ್ತು. ಕೋಡಿನಿಂದ ಬಾಲದವರೆಗೆ ಕಡುಗೆಂಪು!

“ಕೆಂಪಂಗಿ!” ಎಂದು ರಾಜೇಸಾಬ ಕುಣಿದ. ಹುಬ್ಬಳ್ಳಿಯ ಅಂಗಡಿಗೆ ಫೋನ್ ಹಚ್ಚಿಯೇಬಿಟ್ಟ. ಅಷ್ಟರಲ್ಲಿ ಮಳೆ ಬಂತು.

ಎತ್ತಿನ ಬೆನ್ನಿನಿಂದ ಕೆಂಪು ನೀರು ಇಳಿಯತೊಡಗಿತು. ಎತ್ತು ಮೊದಲು ಗುಲಾಬಿಯಾಯಿತು, ಆಮೇಲೆ ಅಚ್ಚ ಬಿಳಿಯಾಯಿತು. ಹಬ್ಬಕ್ಕೆ ಎತ್ತಿಗೆ ಬಣ್ಣ ಹಚ್ಚುವುದು ವಾಡಿಕೆ. ಫಕೀರಪ್ಪನ ಕೈ ಸ್ವಲ್ಪ ದೊಡ್ಡದು, ಇಡೀ ಎತ್ತಿಗೇ ಬಳಿದಿದ್ದ. ರಾಜೇಸಾಬ ಫೋನ್ ಇಟ್ಟು ಅಗಸಿಯ ಕಟ್ಟೆಯ ಮೇಲೆ ಕುಸಿದ.

“ಅಜ್ಜಾರ, ಈಗ ಬಣ್ಣಾ ಹಿಡೀಬೇಕೋ, ತೊಗಲು ಹಿಡೀಬೇಕೋ?” ಎಂದು ಹಿರಿಯರೊಬ್ಬರನ್ನು ಕೇಳಿದ.

ಅವರು ಯಾರದೋ ಮೊಬೈಲಿನಲ್ಲಿ ಓಟದ ವಿಡಿಯೊವನ್ನು ಹಿಂದೆ ಮುಂದೆ ಎಳೆದು ನೋಡಿದರು. (ಇಂಗ್ಲೆಂಡಿನಲ್ಲೂ ರೆಫರಿಗಳು ಹೀಗೇ ನೋಡುತ್ತಾರಂತೆ.) “ಜ್ವಾಳಕ್ಕಾದ್ರ ತೊಗಲು ನೋಡಬೇಕಪಾ. ನಿನ್ನ ಫುಟ್‌ಬಾಲಿಗೆ ಏನು ನೋಡ್ತಾರೋ, ನಮ್ಮಪ್ಪ ಹೇಳಿಲ್ಲ.”

ಸ್ಕೂಟರಿನಲ್ಲಿ ವಾಪಸು ಹೊರಟೆವು. ಊರು ಹತ್ತಿರವಾದ ಮೇಲೆ ರಾಜೇಸಾಬ, “ಬಿಳೀದು ತರ್ತೀನ್ರಿ ಸರ. ಗೆದ್ದವ್ರ ಬಣ್ಣ ಗೊತ್ತಾದ ಮ್ಯಾಲೆ ಬೆಟಗೇರಿಗೆ ಒಯ್ದು ಬಣ್ಣಕ್ಕ ಅದ್ದಿಸಿದ್ರಾತು. ಇಲ್ಲಂದ್ರ ಪೈಜಾಮಾ ಹೊಲಿಯೂದು” ಎಂದ. ಇಷ್ಟು ದಿನ ಎಲ್ಲಿತ್ತು ಈ ಬುದ್ಧಿ? ಮಾಬುಬಿಯೂ ಒಪ್ಪಿದಳು. ತವರಿಗೆ ಹೊರಡುವ ಗಂಟು ಮಾತ್ರ ಕಟ್ಟಿಯೇ ಇಟ್ಟಳು.

ಆದರೆ ಬಿಳಿ ಥಾನ್ ಬಂದು ಅಂಗಡಿಯ ಬಾಗಿಲಲ್ಲಿ ಇಳಿದದ್ದನ್ನು ಓಣಿಯ ಹುಡುಗರು ನೋಡಿದರು. “ರಾಜೇಸಾಬ್ ಕಾಕಾ ಅಡರಕಟ್ಟಿ ಎತ್ತು ನೋಡಿ ಬಂದು ಬಿಳೀದು ತಂದಾನಲೇ! ಈ ಸಲ ಬಿಳಿ ಅಂಗ್ಯಾವ್ರು ಗೆಲ್ಲೂದು ಖಾತ್ರಿ!” ಖಬರ ಶಿರಹಟ್ಟಿ ದಾಟಿ ಗದಗ ಮುಟ್ಟಿತು. “ಪೇಪರ್‌ನವ್ರೂ ಜೋಡಿ ಹೋಗಿದ್ರಂತ” ಎಂದು ನನ್ನನ್ನೂ ಸೇರಿಸಿದರು. ನಿನ್ನೆಯವರೆಗೆ ಕೆಂಪಂಗಿಗಾಗಿ ಜೀವ ಕೊಡುತ್ತಿದ್ದವರೆಲ್ಲ ಅಳತೆ ಕೊಡಲು ಸಾಲು ನಿಂತರು.

ನಿನ್ನೆ ರಾಜೇಸಾಬನ ಫೋನ್ ಬಂತು. ಮಾಬುಬಿ ಗಂಟು ಬಿಚ್ಚಿದ್ದಾಳೆ. ಇನ್ನೂ ಎರಡು ಥಾನ್ ತಾ ಎಂದು ಅವಳೇ ಬೆನ್ನುಹತ್ತಿದ್ದಾಳೆ. ಆಡಿಗೂ ಬಿಳಿ ಅಂಗಿಯ ಅಳತೆ ತೆಗೆದಿದ್ದಾರೆ. (ನನ್ನ ಪ್ಯಾಂಟ್ ಇನ್ನೂ ಹಾಗೇ ಇದೆ.)

“ಸರ, ಒಂದು ಮಾತು, ನಗಬ್ಯಾಡ್ರಿ. ಈ ಬಿಳಿ ಅಂಗ್ಯಾವ್ರು ಅಂದ್ರ ಯಾವ ಊರವ್ರು?”

ನನಗೂ ಗೊತ್ತಿಲ್ಲ. ಅಲ್ಲಿ ಸೀಸನ್ನಿನ ಒಂದು ಪಂದ್ಯವೂ ಆಗಿಲ್ಲ, ಲಕ್ಷ್ಮೇಶ್ವರದಲ್ಲಿ ಬಿಳಿ ಅಂಗಿಯವರು ಆಗಲೇ ಗೆದ್ದಾಯಿತು.

ಇಂಗ್ಲೆಂಡಿಗೆ ಈ ಸುದ್ದಿ ಮುಟ್ಟಿಸುವವರು ಯಾರು?