ಬಾಟಲಿಯಲ್ಲಿ ಕರಗದ್ದು

ಒಳಚರಂಡಿ ಕಚೇರಿಯ ಮೇಲ್ವಿಚಾರಕರಿಗೆ ‘ಬಾಟ್ಲಿ ಸಾಹೇಬ್ರು’ ಎಂದು ಹೆಸರು ಬಿದ್ದದ್ದು ಕುಡಿತದಿಂದಲ್ಲ, ಮೇಜಿನ ಮೇಲಿನ ಗಾಜಿನ ಬಾಟಲಿಯಿಂದ. ಅದರ ನೀರಿನಲ್ಲಿ ಮಗು ಒರೆಸುವ ವೈಪ್ ಒಂದು ತೇಲುತ್ತಿರುತ್ತದೆ. ‘ನೀರಲ್ಲಿ ಕರಗುತ್ತದೆ, ಕಮೋಡಿಗೆ ಹಾಕಬಹುದು’ ಎಂದು ಅದರ ಪ್ಯಾಕೆಟ್ಟಿನ ಮೇಲೆ ಅಚ್ಚಾಗಿತ್ತು. ಬಂದವರ ಕೈಗೆ ಚಹಾಕ್ಕಿಂತ ಮೊದಲು ಬಾಟಲಿ ಬರುತ್ತದೆ: “ಕುಲುಕಿ ಸ್ವಾಮಿ, ಕರಗಿದ್ರೆ ಮೀಸೆ ಬೋಳಿಸ್ಕೋತೀನಿ!” ರಟ್ಟೆ ನೋಯುವವರೆಗೆ ಕುಲುಕಿದವರುಂಟು, ಮೀಸೆ ಮಾತ್ರ ಕ್ಷೇಮವಾಗಿದೆ. ಬೀದಿಯಲ್ಲಿ ಮ್ಯಾನ್‌ಹೋಲ್ ಉಕ್ಕಿ, ಹಗ್ಗದಂತೆ ಹೊಸೆದುಕೊಂಡ ವೈಪ್‌ಗಳನ್ನು ಕೆಲಸಗಾರರು ಕೊಕ್ಕೆ ಹಾಕಿ ಎಳೆಯುವ ದಿನ ಸಾಹೇಬರ ಬಾಯಿಗೆ ಯಾರೂ ಸಿಕ್ಕಬಾರದು. ಅಂಥ ದಿನವೇ ವೈಪ್ ಕಂಪನಿಯವನೊಬ್ಬ ಬಂದು, “ಜನಕ್ಕೆ ತಿಳಿವಳಿಕೆ ಸಾಲದು ಸಾರ್” ಎಂದುಬಿಟ್ಟ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯೇನಯ್ಯಾ?” ಎಂದು ಸಾಹೇಬರು ಗುಡುಗಿದ್ದು ಎದುರಿನ ಅಂಗಡಿಗೂ ಕೇಳಿಸಿತ್ತು. ದಿನಾ ಸಂಜೆ ಮೊಮ್ಮಗಳು ಶಾಲೆಯಿಂದ ನೇರ ಇಲ್ಲಿಗೇ ಬಂದು, ಬಾಟಲಿ ಕುಲುಕಿ, “ತಾತ, ಇನ್ನೂ ಕರಗಿಲ್ವಾ?” ಎನ್ನುತ್ತಾಳೆ. ಎಳೆಗೂಸಾಗಿದ್ದಾಗ ಅವಳ ಅಂಡು ಒರೆಸಿದ ವೈಪೇ ಅದು. ಆಗ ಅದರಿಂದ ಕಟ್ಟಿಕೊಂಡಿದ್ದು ಸಾಹೇಬರ ಮನೆಯದೇ ಪೈಪು; ಅಲ್ಲಿಂದ ತೆಗೆದದ್ದೇ ಬಾಟಲಿ ಸೇರಿತು. ಕಮೋಡಿಗೆ ಹಾಕಿದ ಸೊಸೆಗೆ ಅವರು ಇವತ್ತಿಗೂ ಒಂದು ಮಾತು ಅಂದಿಲ್ಲ. “ಪಾಪ, ಅವಳು ಓದಿದ್ದನ್ನ ನಂಬಿದ್ಲು ಅಷ್ಟೆ,” ಎನ್ನುತ್ತಾರೆ. “ಬರೆದವನು ಬರಲಿ, ಬಗ್ಗಿ ಕೈಹಾಕಿ ತೆಗೀಲಿ.”