ವಸ್ತಾದರ ಬಲಗಾಲಿನ ಅಳತೆ

ಈ ಭಾಗದಲ್ಲಿ ಹೆಸರು ಮಾಡಿ ತೀರಿಕೊಂಡವರ ಪೈಕಿ ಹಲವರ ಕಡೆಯ ಮನೆ ಕಟ್ಟಿದವನು ನಾನು. ಗೌಂಡಿ ಕೆಲಸ ನನ್ನದು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟೆ, ಗಾರೆ ಮೆತ್ತುವ ಕರಣಿ ಹಿಡಿದೆ, ಇನ್ನೂ ಬಿಟ್ಟಿಲ್ಲ. ಮುಧೋಳದಲ್ಲಿ ಪಾರಿಜಾತದ ಆಟ ಆಡಿ ಹೆಸರಾದ ಒಬ್ಬ ಕಲಾವಿದೆಯ ಗದ್ದುಗೆ, ರಬಕವಿಯಲ್ಲಿ ಊರಿಗೇ ಹಿರಿಯರಾಗಿದ್ದ ಒಬ್ಬ ನೇಕಾರರ ಸಮಾಧಿ, ತೇರದಾಳದ ಕಡೆ ಒಬ್ಬ ಜೈನ ಮುನಿಗಳ ಪಾದುಕೆ ಇಡುವ ಕಟ್ಟೆ, ಎಲ್ಲ ನನ್ನ ಕೈಯವು. ಒಂದೂ ಬಿರುಕು ಬಿಟ್ಟಿಲ್ಲ. ಇದಕ್ಕೆ ಜಂಬ ಅನ್ನುವವರು ಜಂಬ ಅನ್ನಲಿ.

ಆದರೆ ನಾನು ತೆಗೆದ ಗುಣಿಗಳಲ್ಲಿ ಒಂದು ಮಾತ್ರ ಜೀವಂತ ಮನುಷ್ಯನಿಗೆ ತೆಗೆದದ್ದು. ಅದರ ಬಗ್ಗೆ ಬೀಳಗಿಯಿಂದ ಜಮಖಂಡಿಯ ತನಕ ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ಗುಣಿ ಒಳಗೆ ಇದ್ದವನು ನಾನು. ಆದ್ದರಿಂದ ನಾನೇ ಬರೆಯುವುದು ಛಲೋ.

ನಮ್ಮೂರು ಬೀಳಗಿ ತಾಲೂಕಿನಲ್ಲಿ, ಬಾಡಗಂಡಿಯ ಹತ್ತಿರ. ನಮ್ಮ ವಸ್ತಾದರು ಹುಟ್ಟಿದ್ದು ಇಲ್ಲೇ. ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದ ಅನ್ನುತ್ತಾರೆ. ಹರೆಯದಲ್ಲಿ ಅವರು ಹನುಮಪ್ಪನ ಗುಡಿ ಮುಂದಿನ ಗುಂಡುಕಲ್ಲನ್ನು ಎದೆಗೇರಿಸಿ, ಹೆಗಲ ಮೇಲಿಂದ ಹಿಂದಕ್ಕೆ ಒಗೆದಿದ್ದರು. ಆಮೇಲೆ ಆ ಕಲ್ಲನ್ನು ಮೊಣಕಾಲ ಮೇಲೆ ಎತ್ತಿದವರಿಲ್ಲ. ಊರಲ್ಲಿ ಒಂದು ಗರಡಿಮನೆ ಮಾಡುತ್ತೇನೆ, ಜಾಗ ಕೊಡಿರಿ ಎಂದು ಕೇಳಿದರೆ ಆಗಿನ ಹಿರಿಯರು ಕೊಡಲಿಲ್ಲ. ಬನಹಟ್ಟಿಯ ನೇಕಾರರು ಕೊಟ್ಟರು. ವಸ್ತಾದರು ಹೋದರು. ಅಲ್ಲೇ ಲಗ್ನ, ಅಲ್ಲೇ ಒಬ್ಬಳು ಮಗಳು. ಹಗಲೆಲ್ಲ ಮಗ್ಗದ ಮುಂದೆ ಕೂತು ಬೆನ್ನು ಬಾಗಿದ ಹುಡುಗರನ್ನು ಸಂಜೆ ಕೆಂಪು ಮಣ್ಣಿನಲ್ಲಿ ಉರುಳಿಸಿ ಪೈಲ್ವಾನರನ್ನಾಗಿ ಮಾಡಿದರು. ಅವರ ಶಿಷ್ಯರು ಕೊಲ್ಲಾಪುರದ ತನಕ ಹೋಗಿ ಗದೆ ಗೆದ್ದು ಬಂದರು.

ನಾನೂ ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿಗೆ ಕೆಲಸಕ್ಕೆ ಹೋದಾಗ ಕೆಲವು ಕಾಲ ಅವರ ಕೈಯಲ್ಲಿ ಮಣ್ಣು ತಿಂದವನು. “ನಿನ್ನ ಕೈ ಛಲೋ ಅದಾವು, ತಲಿ ಬಿರುಸು. ಹೋಗಿ ಗ್ವಾಡಿ ಕಟ್ಟು,” ಎಂದು ಗರಡಿಯಿಂದ ಹೊರಗೆ ಹಾಕಿದವರೂ ಅವರೇ. ಹೊರಗೆ ಹಾಕಿದರೂ ಕೈ ಬಿಡಲಿಲ್ಲ. ಅವರ ಹೆಂಡತಿ ತೀರಿದಾಗ ಗದ್ದುಗೆ ಕಟ್ಟಲು ನನ್ನನ್ನೇ ಕರೆಸಿದರು. ಕೆಲಸ ಮುಗಿದ ದಿನ ಅದರ ಎಡಕ್ಕೆ ನಿಂತು, “ಇಲ್ಲಿ ಜಾಗಾ ಬಿಡಲೇ. ಇದು ನಂದು,” ಅಂದಿದ್ದರು.

ಇನ್ನು ನಮ್ಮೂರ ಕಟ್ಟೆಯ ಮೇಲೆ ಅವರ ಪಾದ ಮೂಡಿದ ಮಾತು. ಗುಂಡುಕಲ್ಲಿಗೆ ಒಂದು ಕಟ್ಟೆ ಕಟ್ಟಬೇಕೆಂದು ಊರವರಿಗೆ ತಡವಾಗಿ ಬುದ್ಧಿ ಬಂತು. ಕಟ್ಟಿದವನು ನಾನು, ಹಾರ ಹಾಕಿಸಿಕೊಳ್ಳಲು ಬಂದವರು ವಸ್ತಾದರು. ಸಿಮೆಂಟು ಇನ್ನೂ ಹಸಿ ಇತ್ತು.

“ವಸ್ತಾದ್ರ, ಇಲ್ಲೊಂದು ಕಾಲ ಇಡ್ರಿ,” ಅಂದೆ.

“ನಾ ಏನು ದೇವರೇನಲೇ?”

“ದೇವರಲ್ಲರಿ. ಆಧಾರ ಕಾರ್ಡು ಅನಕೋರಿ.”

ನಕ್ಕು ಬಲಗಾಲು ಊರಿದರು. ಐದು ಬೆರಳೂ ಸ್ವಚ್ಛ ಮೂಡಿದವು. ಮಾರನೆಯ ವಾರದಿಂದ ಹೆಣ್ಣುಮಕ್ಕಳು ಅದಕ್ಕೆ ಕುಂಕುಮ ಹಚ್ಚತೊಡಗಿದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಗುಣಿಯ ಗೋಡೆಯಲ್ಲಿ ಒಂದು ಗೂಡು ಕೊರೆದು ಅದರಲ್ಲಿ ಕೂಡಿಸಿ ಮಣ್ಣು ಕೊಡುತ್ತೇವೆ. ಗುಣಿಯ ಅಳತೆ ಸತ್ತವರ ಪಾದದ್ದೇ. ಮನೆಯವರು ಪಾದಕ್ಕೆ ದಾರ ಹಿಡಿದು ಅಳೆದು ತರಬೇಕು. ಆ ದಾರ ಒಂಬತ್ತು ಸಲ ಹಿಡಿದಷ್ಟು ಗುಣಿಯ ಉದ್ದ. ದಾರ ಕೈಗೆ ಬರುವ ತನಕ ಗುದ್ದಲಿ ಮುಟ್ಟುವುದಿಲ್ಲ. ಇನ್ನೊಂದು ಕಟ್ಟುಪಾಡು ಇದೆ. ಒಮ್ಮೆ ತೆಗೆದ ಗುಣಿಯನ್ನು ಹೊತ್ತು ಮುಳುಗಿದ ಮೇಲೆ ಬರಿದು ಬಿಡಬಾರದು, ಬರಿದೇ ಮುಚ್ಚಲೂ ಬಾರದು. ಬಾಯಿ ತೆರೆದ ಗುಣಿ ಊರಲ್ಲಿ ಯಾರನ್ನೋ ಒಬ್ಬರನ್ನು ಕರೆಯುತ್ತದೆ. ಇದು ಮೂಢನಂಬಿಕೆ ಅನ್ನುವವರು ಒಂದು ಸಂಜೆ ಅಂಥ ಗುಣಿಯ ದಂಡೆಗೆ ನಿಂತು ನೋಡಲಿ.

ಕಳೆದ ಕಬ್ಬಿನ ಹಂಗಾಮಿನಲ್ಲಿ ವಸ್ತಾದರಿಗೆ ಸಕ್ಕರೆ ಬೇನೆ ಹೆಚ್ಚಾಗಿ, ಕಾಲಿನ ಹುಣ್ಣು ಮಾಯದೆ, ಜಮಖಂಡಿಯ ದವಾಖಾನೆಗೆ ಸೇರಿಸಿದರು. ಮಾತಾಡಿಸಲು ಹೋಗಿದ್ದ ನಮ್ಮೂರ ಒಬ್ಬ ಶಾಣ್ಯಾ, ಆಪರೇಶನ್ ಕೋಣೆಯ ಹೊರಗೆ ಮಗಳು ಸೆರಗು ಬಾಯಿಗೆ ಒತ್ತಿ ಅಳುವುದನ್ನು ಕಂಡ. ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ನಾನು ಚಹಾ ಕುಡಿಯುವಷ್ಟರಲ್ಲಿ ಎಲ್ಲರ ಮೊಬೈಲಿನಲ್ಲೂ ವಸ್ತಾದರ ಫೋಟೋ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಸ್ವಲ್ಪ ಹೊತ್ತಿನಲ್ಲಿ ಬಸ್ ನಿಲ್ದಾಣಕ್ಕೆ ಬ್ಯಾನರು ಬಂತು.

ಹಿರಿಯರು ನನ್ನನ್ನು ಗುಡಿಗೆ ಕರೆಸಿದರು. ಮಾತಾಡಿದವರು ಊರ ಗೌಡರು. ಅಂದು ಜಾಗ ಕೊಡದ ಹಿರಿಯರ ಮಗ.

“ಬನಹಟ್ಟಿಯವರು ಒಯ್ಯೂದ್ರೊಳಗ ನಮ್ಮ ಗುಣಿ ತಯಾರ ಇರಬೇಕು. ತಗದ ಗುಣಿ ಬರಿದು ಬಿಡ್ರಿ ಅಂತ ಮಗಳು ಹೆಂಗ ಅಂತಾಳು? ಕೊಡಾಕ ಬೇಕಾಕ್ಕೈತಿ.”

“ದಾರ ಎಲ್ಲೈತ್ರಿ?” ಅಂದೆ.

“ದಾರ ಯಾಕ ಬೇಕೋ? ಪಾದನ ಐತಲ್ಲ ಇಲ್ಲೆ, ನೀನ ಹಾಕಿಸಿದ್ದು!”

ಬನಹಟ್ಟಿಯಲ್ಲಿ ಎಡಕ್ಕೆ ಬಿಟ್ಟ ಜಾಗ ನನ್ನ ಕಣ್ಣ ಮುಂದೆ ಬಂತು. ಹೇಳಿದೆ. ಯಾರೂ ಕೇಳಲಿಲ್ಲ. “ನಿನಗ ಆಗಲಿಲ್ಲಂದ್ರ ಜೆಸಿಬಿ ತರಸ್ತೇವಿ,” ಅಂದರು. ನನ್ನ ವಸ್ತಾದರ ಗುಣಿಯನ್ನು ಜೆಸಿಬಿ ಬಾಯಿಂದ ಕೆರೆಸುವುದೆ? ಕಟ್ಟೆಯ ಮೇಲಿನ ಕುಂಕುಮ ಒರೆಸಿ, ಹಿಮ್ಮಡದಿಂದ ಹೆಬ್ಬೆರಳಿಗೆ ದಾರ ಹಿಡಿದೆ. ಗುಡಿಯ ಹಿಂದಿನ ಬಯಲಿನಲ್ಲಿ ಗುದ್ದಲಿ ಹಾಕಿದೆ. ಮೇಲೆ ಕರಿಮಣ್ಣು, ಕೆಳಗೆ ಹರಳು ಹರಳಾದ ಗರಸು. ನಾಲ್ಕು ಗೋಡೆ ತೂಕದ ಗುಂಡು ಇಳಿಬಿಟ್ಟ ಹಾಗೆ ಇಳಿದವು. ಅದು ನನ್ನ ಕೈಯ ಅತ್ಯಂತ ನೆಟ್ಟಗಿನ ಗುಣಿ ಎಂದು ಈಗಲೂ ಹೇಳುತ್ತೇನೆ.

ಗೂಡು ಕೊರೆಯುತ್ತ ಇದ್ದೆ. ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ವಸ್ತಾದರ ಮಗಳು.

“ಅಣ್ಣಾ, ನಿಮ್ಮೂರಾಗ ಬ್ಯಾನರ ಕಟ್ಟ್ಯಾರಂತ? ಯಾರ ಹೇಳಿದ್ರು ಅವರಿಗಿ? ನಮ್ಮಪ್ಪ ಉಸರಾಡಾಕತ್ತಾನ!”

ಗುದ್ದಲಿಯನ್ನು ಗೋಡೆಗೆ ಒರಗಿಸಿಟ್ಟೆ.

“ಕೇಳಸಾಕತ್ತೈತಿಲ್ಲೋ? ಎಲ್ಲಿದ್ದೀ ನೀ?”

ಎದೆಮಟ ಗುಣಿಯಲ್ಲಿ ನಿಂತು, “ಕೆಲಸದಾಗ ಅದೇನವ್ವಾ,” ಅಂದೆ. ಆಕೆ ಫೋನು ಇಟ್ಟಳು.

ತಲೆ ಎತ್ತಿ ದಂಡೆಯ ಮೇಲಿದ್ದವರಿಗೆ ಹೇಳಿದೆ. ಭಜನೆಯವರು ತಾಳ ಕೆಳಗಿಟ್ಟರು. ಯಾರೋ ಓಡಿ ಹೋಗಿ ಬ್ಯಾನರು ಹರಿದರು. ಮೊಬೈಲಿನ ಫೋಟೋಗಳು ಒಂದೊಂದಾಗಿ ಅಳಿಸಿ ಹೋದವು. ಗುಣಿ ಅಳಿಸುವುದು ಹೇಗೆ?

“ಒಂದು ಹುಂಜ ಹಾಕಿ ಮುಚ್ರಿ,” ಎಂದ ಒಬ್ಬ.

“ಪೈಲ್ವಾನನ ಗುಣಿಗಿ ಹುಂಜ? ಏನ ಮಾತಾಡ್ತೀಲೇ!” ಎಂದು ಗೌಡರು ಗದರಿದರು. “ಅವರ ಗುಂಡುಕಲ್ಲ ಹಾಕೂಣು. ಅವರ ಬದಲಿಗಿ ಅದು ಕುಂದರ್ತೈತಿ.”

“ಕಲ್ಲಂದ್ರ ವಸ್ತಾದ್ರರಿ,” ಅಂದೆ. “ಅದನ್ನ ಮುಚ್ಚಿದ್ರ ಜೀವಂತ ಇದ್ದವರನ್ನ ಮುಚ್ಚಿಧಾಂಗ. ಅಲ್ಲಿ ಉಸರು ನಿಂತರ?”

“ಹಂಗಾದ್ರ ನೀನ ಕೂಡಪಾ ಅದರಾಗ. ಅಳತಿ ತಗೊಂಡಾವ ನೀನ!” ಎಂದರು ಗೌಡರು.

ನಾನು ಗುಣಿಯಿಂದ ಮೇಲೆ ಹತ್ತಿದೆ. “ಹೊತ್ತು ಮುಳುಗೂದ್ರೊಳಗ ಬರ್ತೇನಿ. ಅಲ್ಲೀತನಾ ಕಲ್ಲು ಮುಟ್ಟಬ್ಯಾಡ್ರಿ,” ಎಂದು ಬೈಕು ಚಾಲೂ ಮಾಡಿದೆ. ಬೇರೆ ಯಾರ ಬಾಯಿಂದಲೋ ಕೇಳುವ ಮೊದಲು ವಸ್ತಾದರಿಗೆ ನಾನೇ ಹೇಳಬೇಕಿತ್ತು. ಆ ಗುಣಿಗೆ ಏನು ಮಾಡಲಿ ಎಂದು ಕೇಳಬೇಕಿತ್ತು. ಮುಧೋಳ ದಾಟುವ ತನಕ ಎದುರಿಗೆ ಕಬ್ಬು ಹೇರಿದ ಎರಡೆರಡು ಡಬ್ಬಿ ಎಳೆಯುವ ಟ್ರ್ಯಾಕ್ಟರುಗಳ ಸಾಲು. ಒಂದೊಂದನ್ನು ದಾಟುವಾಗಲೂ ಒಂದೇ ವಿಚಾರ: ನಾನು ಮುಟ್ಟುವುದರೊಳಗೆ ಅವರು ಹೋಗಿಬಿಟ್ಟರೆ, ಕರೆದದ್ದು ನನ್ನ ಗುಣಿ.

ದವಾಖಾನೆಯ ಬೆಂಚಿನ ಮೇಲೆ ಮಗಳು ಕೂತಿದ್ದಳು. ಮಗ್ಗ ನಡೆಸಿ ಮನೆ ನಡೆಸುವ ಹೆಣ್ಣುಮಗಳು. ಮೊದಲು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

“ಕರಿಮಣ್ಣು, ಅದರ ಮ್ಯಾಲ ಗರಸು. ಆಳನ ತಗದೀಯಲ್ಲ ಅಣ್ಣಾ.”

“ತಂಗೀ...”

“ನಮ್ಮವ್ವನ ಬಾಜೂಕ ಜಾಗಾ ಬಿಟ್ಟಾವ ನೀನ. ಹೌದಿಲ್ಲೋ?”

“ಹೌದವ್ವಾ.”

“ನಡಿ ಒಳಗ. ನಿನ್ನ ಬಾಯಿಂದನ ಹೇಳು.”

ವಸ್ತಾದರು ಎಚ್ಚರ ಇದ್ದರು. ಮೂಗಿಗೆ ನಳಿಕೆ. ಒಂದು ಕಾಲಕ್ಕೆ ನನ್ನ ಕುತ್ತಿಗೆ ಅಡಗಿ ಹೋಗುತ್ತಿದ್ದ ಆ ಅಂಗೈ ಈಗ ಹಾಸಿಗೆಯ ಮೇಲೆ ಬಿಡಿಸಿಟ್ಟ ಹಾಗೆ ಬಿದ್ದಿತ್ತು. ಹೊದಿಕೆಯ ತುದಿಯಲ್ಲಿ ಎಡಪಾದ ಎದ್ದು ನಿಂತಿತ್ತು. ಬಲಕ್ಕೆ ಮೊಣಕಾಲಿನ ಕೆಳಗೆ ಹೊದಿಕೆ ಚಪ್ಪಟೆ. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು.

“ಹೇಳಲೇ. ಏನೋ ಹೇಳಾಕ ಬಂದೀದಿ.”

ಹೇಳಿದೆ. ಬ್ಯಾನರು, ಗೌಡರು, ಗುಣಿ, ಒಂದೂ ಬಿಡಲಿಲ್ಲ. ಅವರ ಎದೆ ಏರುತ್ತ ಇಳಿಯುತ್ತ ಇತ್ತು, ಪಕ್ಕದ ಯಂತ್ರ ಟಿಕ್ ಟಿಕ್ ಅನ್ನುತ್ತಿತ್ತು. ನನಗೆ ಅದರ ಮೇಲೇ ಕಿವಿ.

“ಎಷ್ಟ ಆಳ?”

“ಎದಿಮಟರಿ.”

“ಗ್ವಾಡಿ ನೆಟ್ಟಗ ಅದಾವು?”

“ನನ್ನ ಕೆಲಸರಿ ಅದು.”

“ಅಳತಿ ಯಾರದು?”

“ನಿಮ್ಮದ. ಗುಂಡುಕಲ್ಲಿನ ಕಟ್ಟಿ ಮ್ಯಾಲಿನ ಬಲಗಾಲು.”

ಮಗಳು ಗೋಡೆಗೆ ಕೈ ಇಟ್ಟಳು. ವಸ್ತಾದರಿಗೆ ಮೊದಲು ಕೆಮ್ಮು ಬಂತು, ಯಂತ್ರ ಜೋರು ಕೂಗಿತು, ನರ್ಸಮ್ಮ ಓಡಿ ಬಂದಳು. ಆಯಿತು, ಮುಗಿಯಿತು ಅಂದುಕೊಂಡೆ. ಅದು ನಗು.

“ಗರಡಿಗಿ ಜಾಗಾ ಬೇಡಿದಾಗ ಕೊಡಲಿಲ್ಲ ಮಕ್ಕಳು. ಈಗ ತಾವ ಅಗದು ಕೊಟ್ಟಾರ. ಆ ಕಾಲ ಎಲ್ಲೈತಿ, ಕೇಳು ನಿನ್ನ ತಂಗಿನ್ನ.”

ಆಕೆ ತಡೆದು ತಡೆದು ಹೇಳಿದಳು. ಕೊಯ್ದ ಕಾಲನ್ನು ಕಟ್ಟಿ ಕೈಗೆ ಕೊಟ್ಟಿದ್ದಾರೆ, ಒಯ್ದು ಮಣ್ಣು ಮಾಡಿರಿ ಅಂದಿದ್ದಾರೆ. ಬೆಳಗಿನಿಂದ ಬೆಂಚಿನ ಕೆಳಗೆ ಇಟ್ಟುಕೊಂಡು ಕೂತಿದ್ದಾಳೆ. ಅಪ್ಪ ಬದುಕಿರುವಾಗ ಅವ್ವನ ಬಾಜೂಕಿನ ಜಾಗ ಹೇಗೆ ತೆಗೆಸಲಿ, ಅದು ಅಪಶಕುನ. ಬೇರೆ ಎಲ್ಲಿ ಇಡಲಿ?

“ಇವನ ಕೈಯಾಗ ಕೊಡು,” ಎಂದರು ವಸ್ತಾದರು.

“ಆ ಊರಿಗ್ಯಾಕ ಕೊಡಬೇಕಪಾ? ನಿನ್ನ ಹೊರಗ ಹಾಕಿದ ಊರು!”

“ಊರಿಗಿ ಅಲ್ಲ ಬೇ, ಗುಣಿಗಿ. ಹಸದು ಕುಂತೈತಿ ಅದು. ಇನ್ನೊಬ್ಬರ ಮನಿಗಿ ಹೋದೀತು.” ಸ್ವಲ್ಪ ಉಸಿರು ತೆಗೆದುಕೊಂಡು ನನ್ನ ಕಡೆ ತಿರುಗಿದರು. “ಹುಟ್ಟಿದ ಊರಿಗಿ ಅಷ್ಟ ಸಾಕು. ಉಳಿದದ್ದು ಬನಹಟ್ಟ್ಯಾಗ, ಆಕೀ ಬಾಜೂಕ. ಹೋಗ್ರಿ, ಹೊತ್ತು ಇಳಿಯಾಕತ್ತೈತಿ.”

ಮಗಳು ಅಪ್ಪನನ್ನು ಒಬ್ಬ ಶಿಷ್ಯನಿಗೆ ಒಪ್ಪಿಸಿ ನನ್ನ ಗಾಡಿಯ ಹಿಂದೆ ಕೂತಳು. ತನ್ನ ಮಗ್ಗದ ಹೊಸ ಬಟ್ಟೆಯಲ್ಲಿ ಸುತ್ತಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮುಧೋಳ ದಾಟಿದ ಮೇಲೆ ಒಂದು ಕಬ್ಬಿನ ಡಬ್ಬಿ ರಸ್ತೆಗೆ ಅಡ್ಡ ಮಗುಚಿತ್ತು. ಗಾಡಿ ಹೊಲಕ್ಕೆ ಇಳಿಸಿದೆ. ದಾರಿ ತೋರಿಸಿದ ಮುದುಕಪ್ಪ, “ಕೂಸೇನವ್ವಾ? ಮಖ ಮುಚ್ಚು, ಧೂಳೈತಿ,” ಅಂದ. ಆಕೆ ಸೆರಗು ಹೊದಿಸಿದಳು. ಬೆನ್ನ ಹಿಂದೆ ಆಕೆ ಅಳುತ್ತಿದ್ದಳೋ ನಗುತ್ತಿದ್ದಳೋ ನಾನು ತಿರುಗಿ ನೋಡಲಿಲ್ಲ. ಸೂರ್ಯ ಕಬ್ಬಿನ ಸೂಲಂಗಿ ಹೂವಿನ ಮಟ್ಟಕ್ಕೆ ಇಳಿದಿದ್ದ.

ಊರು ಮುಟ್ಟಿದಾಗ ಗೌಡರು ಮಾತು ಮೀರಿ ಆಗಿತ್ತು. ಹಾರೆಕೋಲು ಹಾಕಿ ಗುಂಡುಕಲ್ಲನ್ನು ಕಟ್ಟೆಯಿಂದ ಕೆಡವಿ, ಗುಡಿಯ ಗೋಡೆಯ ತನಕ ಉರುಳಿಸಿಕೊಂಡು ಬಂದಿದ್ದರು.

“ಬಿಡ್ರಿ ಆ ಕಲ್ಲ!” ಗಾಡಿ ನಿಲ್ಲುವ ಮೊದಲೇ ಮಗಳು ಚೀರಿದಳು. “ನಮ್ಮಪ್ಪ ಎತ್ತಿದ್ದು ಅದು. ನಿಮಗ ಅದನ್ನ ಉರುಳಸಾಕ ಇಷ್ಟ ಮಂದಿ ಬೇಕಾತು?”

ಹಾರೆ ಹಿಡಿದವರು ಹಿಂದೆ ಸರಿದರು. ಆಕೆಯ ಕೈಯಲ್ಲಿ ಇದ್ದದ್ದು ಏನೆಂದು ಹೇಳಿದೆ. ಗೌಡರು ತಲೆಯ ರುಮಾಲು ತೆಗೆದರು.

ನಾನು ಗುಣಿಗೆ ಇಳಿದೆ. ಆಕೆ ಬಗ್ಗಿ ಕೊಟ್ಟಳು. ಭಾರ ಇತ್ತು. ಎಲ್ಲರನ್ನೂ ಗೂಡಿನಲ್ಲಿ ಕೂಡಿಸಿದವನು ನಾನು. ಇದನ್ನು ಹೇಗೆ ಕೂಡಿಸುವುದು? ಹಿಮ್ಮಡ ಗರಸಿಗೆ ಊರಿ ನಿಲ್ಲಿಸಿದೆ. ಕುಸ್ತಿಗೆ ಇಳಿಯುವ ಮೊದಲು ವಸ್ತಾದರು ಮಣ್ಣಿನಲ್ಲಿ ಬಲಗಾಲು ಊರುತ್ತಿದ್ದ ಹಾಗೆ. ವಿಭೂತಿ, ಪತ್ರಿ ಹಾಕಿ ಮೇಲೆ ಬಂದೆ. ಮೊದಲ ಹಿಡಿ ಮಣ್ಣು ಮಗಳದು. ಮುಚ್ಚಿ ಮುಗಿಸಿದಾಗ ಬಾನು ಇನ್ನೂ ಕೆಂಪು ಇತ್ತು.

“ಗದ್ದಿಗಿ ಕಟ್ಟೂದೇನು?” ಎಂದು ಗೌಡರು ಮೆಲ್ಲಗೆ ಕೇಳಿದರು.

“ಅಪ್ಪನ್ನ ಕೇಳ್ರಿ. ಅದಾನಲ್ಲ ಇನ್ನ,” ಎಂದಳು ಆಕೆ.

ಇದ್ದಾರೆ. ಬನಹಟ್ಟಿಯ ಗರಡಿಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಒಂದೇ ಕಾಲಿನಲ್ಲಿ ಕೂತು ಹುಡುಗರನ್ನು ಬೈಯುತ್ತಾರೆ. ಗುಂಡುಕಲ್ಲು ಗುಡಿಯ ಗೋಡೆಯ ಪಕ್ಕದಲ್ಲೇ ಬಿದ್ದಿದೆ. ಅದನ್ನು ಮರಳಿ ಕಟ್ಟೆಗೆ ಏರಿಸಲು ಜೆಸಿಬಿ ತರೋಣ ಎಂದರು, ನಾನು ಬಿಡಲಿಲ್ಲ. ಎತ್ತುವವನು ಹುಟ್ಟಲಿ, ಆಗ ಏರಲಿ.

ಹೋದ ತಿಂಗಳು ರಬಕವಿಗೆ ಕೆಲಸಕ್ಕೆ ಹೋದವನು ಅವರ ಹೆಂಡತಿಯ ಗದ್ದುಗೆ ನೋಡಿಕೊಂಡು, ಎಡಕ್ಕೆ ಬೆಳೆದ ಹುಲ್ಲು ಕಿತ್ತು, ಗರಡಿಗೆ ಹೋದೆ. ದೂರದಿಂದಲೇ ಕಂಡು ಕೂಗಿದರು.

“ಏನಲೇ ಗೌಂಡಿ, ದಾರ ತಂದೀಯೇನು?”

“ಇಲ್ರೀ ವಸ್ತಾದ್ರ.”

“ತರುವಾಗ ತಾ. ಅಳತಿ ಈ ಸಲ ಎಡಗಾಲದ್ದು. ಉಸರು ನಿಂತದ್ದು ನೀನ ಖಾತ್ರಿ ಮಾಡಕೊಂಡು ತಗೋ, ಮೊಬೈಲ ನೋಡಿ ಅಲ್ಲ.”

ಹುಡುಗರೆಲ್ಲ ನಕ್ಕರು. ನಾನು ಚಪ್ಪಲಿ ಬಿಟ್ಟು, ಅವರ ಆ ಒಂದು ಪಾದಕ್ಕೆ ಹಣೆ ಹಚ್ಚಿದೆ. ಬೆಚ್ಚಗಿತ್ತು.