ಅತ್ತೆಯ ಬಲಗೈ

ಚಿತ್ರಕಲಾ ಶಾಲೆಯ ಮೂರನೆಯ ವರ್ಷದ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮಸಿ ಎಂದು. ಇದ್ದಿಲು ಹಿಡಿದಳೆಂದರೆ ಮೂಗು, ಕಿವಿ, ಊಟದ ಡಬ್ಬಿ ಎಲ್ಲವೂ ಕಪ್ಪು. ಆ ಹೆಸರಿಗೆ ಅವಳೇನೂ ಬೇಸರಪಟ್ಟವಳಲ್ಲ. ಅವಳ ನಾಚಿಕೆ ಬೇರೆಯದಕ್ಕೆ. ಹೆತ್ತವರಿಲ್ಲದ ಅವಳನ್ನು ಸಾಕಿದ ಸೋದರತ್ತೆ ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಮಸಿ ಗೆಳತಿಯರ ಮುಂದೆ ಹೇಳಿದ್ದು, "ನಮ್ಮದು ಬಟ್ಟೆ ವ್ಯಾಪಾರ" ಎಂದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಸುಳ್ಳು ಹೊರಬಿದ್ದೀತೆಂದು ಹಗಲು ಹೊತ್ತು ಆ ಬೀದಿಗೆ ತಲೆಯನ್ನೇ ಹಾಕುತ್ತಿರಲಿಲ್ಲ.

ಹೀಗಿರುವಾಗ ಮಾಡೆಲ್ ಆಗಿ ಕೂರುತ್ತಿದ್ದ ಮುದುಕ ಕಾಲು ಮುರಿದುಕೊಂಡ. ಮೇಷ್ಟ್ರು ತಮ್ಮ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದವಳನ್ನೇ, ಮಸಿಯ ಅತ್ತೆಯೆಂದು ತಿಳಿಯದೆ, ಬರುತ್ತೀರಾ ಎಂದು ಕೇಳಿದರು. ಅತ್ತೆ ಹಿಗ್ಗಿ ಹೀರೇಕಾಯಿಯಾದಳು.

"ನೀನು ಚಿತ್ರ ಬರೆಯೋ ಜಾಗ ನಾನೂ ನೋಡ್ಬಹುದಲ್ಲೇ!"

"ನೋಡು. ಆದ್ರೆ ಅಲ್ಲಿ ನನ್ನ ಪರಿಚಯ ಇದೆ ಅಂತ ತೋರಿಸ್ಕೋಬೇಡ ಅತ್ತೆ."

ಅತ್ತೆಯ ಮುಖ ಒಂದು ಗಳಿಗೆ ಇಳಿಯಿತು. ಆಮೇಲೆ ನಕ್ಕಳು. "ಆಯ್ತು ಬಿಡು. ನೀನ್ಯಾರೋ, ನಾನ್ಯಾರೋ."

ಸ್ಟುಡಿಯೋದ ನಡುವೆ ಮರದ ಜಗಲಿ, ಅದರ ಮೇಲೆ ಕುರ್ಚಿ, ಸುತ್ತ ಹದಿನಾಲ್ಕು ಈಸೆಲ್‌ಗಳು, ಎಲ್ಲೆಲ್ಲೂ ಟರ್ಪೆಂಟೈನ್ ವಾಸನೆ. ಅತ್ತೆ ಅಂಗೈಗಳನ್ನು ತೊಡೆಯ ಮೇಲೆ ಕವುಚಿಟ್ಟು ಕೂತಳು. ಬಿಡುವಿನ ನಂತರ ಅದೇ ಭಂಗಿಗೆ ಮರಳಲೆಂದು ಮೇಷ್ಟ್ರು ಅವಳ ಪಾದಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. ಜೀವಮಾನವೆಲ್ಲ ನಿಂತೇ ದುಡಿದವಳಿಗೆ ಸುಮ್ಮನೆ ಕೂರುವುದೇ ದೊಡ್ಡ ಶಿಕ್ಷೆ. ಆದರೂ ಅಲುಗಾಡಲಿಲ್ಲ. ಮಸಿಯ ಕಡೆ ಒಮ್ಮೆಯೂ ನೋಡಲಿಲ್ಲ. ಕೊಟ್ಟ ಮಾತೆಂದರೆ ಮಾತು.

ನಾಲ್ಕನೆಯ ದಿನ ಮೇಷ್ಟ್ರು ಮಸಿಯ ಬೆನ್ನ ಹಿಂದೆ ಬಂದು ನಿಂತರು.

"ಬಲಗೈ ಮೇಲೆ ಇದೇನಮ್ಮ?"

ಮಸಿಯೂ ಅದನ್ನು ಗಮನಿಸಿದ್ದು ಆಗಲೇ. ಚಿತ್ರದ ಮಣಿಕಟ್ಟಿನ ಮೇಲೆ, ಇಸ್ತ್ರಿಪೆಟ್ಟಿಗೆಯ ಮೂತಿಯಂಥ ಸುಟ್ಟ ಗಾಯದ ಗುರುತು. ತನಗೇ ತಿಳಿಯದೆ ಬರೆದುಬಿಟ್ಟಿದ್ದಳು.

"ಕಂಡದ್ದನ್ನ ಬರೀರಿ, ಗೊತ್ತಿರೋದನ್ನಲ್ಲ ಅಂತ ಎಷ್ಟು ಸಲ ಬಡ್ಕೊಂಡಿದೀನಿ?" ಎಂದ ಮೇಷ್ಟ್ರು ಜಗಲಿಯ ಕಡೆ ತಿರುಗಿದರು. "ಅಮ್ಮಾ, ಕೈ ಸ್ವಲ್ಪ ಮಗುಚಿ."

ಅತ್ತೆ ಮಗುಚಿದಳು. ಗುರುತು ಇತ್ತು, ಆದರೆ ಒಳಮೈಯಲ್ಲಿ.

"ಇಲ್ಲಿಂದ ಕಾಣದೇ ಇರೋದು ನಿನಗೆ ಹೇಗೆ ಗೊತ್ತಾಯ್ತು?"

ಹದಿಮೂರು ಇದ್ದಿಲುಗಳು ಒಟ್ಟಿಗೆ ನಿಂತವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮಸಿಯ ಕೈ ತನ್ನ ಕೆನ್ನೆಗೆ ಹೋಯಿತು. ಮೂರು ವರ್ಷದವಳಿದ್ದಾಗ ಅವಳು ಇಸ್ತ್ರಿಪೆಟ್ಟಿಗೆಯ ವಯರು ಹಿಡಿದು ಎಳೆದಿದ್ದಳು. ಕಾದ ಪೆಟ್ಟಿಗೆ ಆ ಕೆನ್ನೆಗೆ ಬೀಳದಂತೆ ಅತ್ತೆ ಕೈ ಒಡ್ಡಿದ್ದಳು. ಈಗ "ನಮ್ಮತ್ತೆ" ಎಂದಿದ್ದರೆ ಮುಗಿಯುತ್ತಿತ್ತು.

ಹೇಳಿದವಳು ಅತ್ತೆಯೇ. "ಬಿಡುವಲ್ಲಿ ಕೈ ತೊಳ್ಕೊಳ್ತಿದ್ದೆ ಸಾರ್. ಆ ಹುಡುಗಿ ನೋಡಿರ್ಬೇಕು."

"ಹೌದು ಸಾರ್," ಎಂದಳು ಮಸಿ. ಆ ಎರಡು ಮಾತಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಬಾಯಿಬಿಡಲಿಲ್ಲ, ಅದಕ್ಕೂ ಅಸಹ್ಯವಾಗಿರಬೇಕು.

"ಹಾಗಾದ್ರೆ ಅಳಿಸು."

ಅಳಿಸಿದಳು. ಗುರುತು ಕೂತಲ್ಲಿ ಕಾಗದ ಬೆಳ್ಳಗಾಗುವ ತನಕ ಉಜ್ಜಿದಳು.

ಆ ಚಿತ್ರಕ್ಕೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂತು. ಕಾರಿಡಾರಿನ ಗೋಡೆಗೂ ಏರಿತು. ಒಂದು ಸಂಜೆ ಅಂಗಡಿಯಿಂದ ಬಂದ ಅತ್ತೆ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ನೋಡ್ಕೊಂಡು ಬಂದೆ ಕಣೇ! ನನ್ನ ಕೈ ಎಷ್ಟು ಚೆಂದ ಮಾಡಿದೀಯ! ಆ ಹಳೇ ಸುಟ್ಟ ಗುರುತು ಒಂಚೂರೂ ಕಾಣಲ್ಲ."

ಮಸಿಯ ಬಾಯಿಗೆ ಮೊದಲು ಬಂದದ್ದು ಇಷ್ಟೇ: "ಯಾವಾಗ ಹೋಗಿದ್ದೆ?"

ಅತ್ತೆ ಬಗ್ಗಿ ಚಪ್ಪಲಿ ಬಿಟ್ಟು ಗೋಡೆಗೆ ಜೋಡಿಸಿಟ್ಟಳು.

"ಎಲ್ಲರೂ ಊಟಕ್ಕೆ ಹೋದ್ಮೇಲೆ. ಯಾರೂ ಇರ್ಲಿಲ್ಲ, ಹೆದರ್ಕೋಬೇಡ."